ಕಡಲಿಲ್ಲದ ನಾಡಿನ ಹೆಸರು ಹೊತ್ತ ಹಡಗು

ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಮೈಸೂರು, ನಂಜನಗೂಡುಗಳನ್ನು ಹಾದುಬಂದ ದಾರಿಯ ಒಂದು ಕವಲು ಬಂಡೀಪುರದ ಕಾಡನ್ನು ಹೊಕ್ಕು ನೀಲಗಿರಿಯನ್ನು ಏರುತ್ತದೆ. ಇನ್ನೊಂದು ಸುಲ್ತಾನ್ ಬತ್ತೇರಿಯನ್ನು ಮುಟ್ಟಿ, ವಯನಾಡಿನ ಘಟ್ಟವನ್ನಿಳಿದು, ಕಲ್ಲಿಕೋಟೆಯ ಕಡಲ ದಂಡೆಯನ್ನು ಸೇರುತ್ತದೆ. ಮೂಡಣ ದಿಕ್ಕಿಗೆ ಹೊರಟರೆ ಚಾಮರಾಜನಗರ. ಈ ಎರಡು ಊರುಗಳ ನಡುವಣ ಸೀಮೆ ಅರಿಸಿನ, ಈರುಳ್ಳಿ, ಸೂರ್ಯಕಾಂತಿಗಳ ಸೀಮೆ. ಇಲ್ಲಿ ನೀರೆಂದರೆ ಕೆರೆಯ ನೀರು. ಮಳೆರಾಯ ಕೃಪೆ ಮಾಡಿದರೆ ಕೆರೆ ಕೋಡಿ ಬೀಳುತ್ತದೆ. ಮುನಿದರೆ ಅದೇ ಕೆರೆಯಂಗಳದಲ್ಲಿ ದನ ಮೇಯುತ್ತವೆ. ಅಲೆ, ಉಬ್ಬರ, ಇಳಿತ ಎಂಬ ಮಾತುಗಳು ಮಕ್ಕಳಿಗೆ ಪಾಠದ ಪುಸ್ತಕದಿಂದ ಬಂದವೇ ಹೊರತು ಕಣ್ಣಿನಿಂದ ಬಂದವಲ್ಲ.

ಆದರೆ ಗುಂಡ್ಲುಪೇಟೆಯ ನಿಲ್ದಾಣದಲ್ಲಿ ಬಂದು ನಿಲ್ಲುವ ಸರ್ಕಾರಿ ಬಸ್ಸಿನ ಲಾಂಛನವನ್ನು ಒಮ್ಮೆ ದಿಟ್ಟಿಸಿ ನೋಡಬೇಕು. ಎರಡು ತಲೆಯ ಹಕ್ಕಿಯೊಂದು ಅಲ್ಲಿ ರೆಕ್ಕೆ ಬಿಚ್ಚಿ ನಿಂತಿದೆ. ಅದು ಗಂಡಭೇರುಂಡ, ಮೈಸೂರು ಅರಸರ ರಾಜಲಾಂಛನ. ಅದೇ ಹಕ್ಕಿ ಭಾರತೀಯ ನೌಕಾಪಡೆಯ ಒಂದು ಹಡಗಿನ ಲಾಂಛನವಾಗಿ ಏಳು ಕಡಲುಗಳ ನೀರು ಕುಡಿದಿದೆ ಎಂಬುದನ್ನು ಬಸ್ಸಿಗಾಗಿ ಕಾದು ನಿಂತವರಲ್ಲಿ ಎಷ್ಟು ಮಂದಿ ಬಲ್ಲರು? ಆ ಹಡಗಿನ ಹೆಸರು ‘ಮೈಸೂರು’.

ಈ ಹೆಸರಿನಲ್ಲಿಯೇ ಒಂದು ವಿನೋದವಿದೆ. ಇಂಡಿಯಾ ದೇಶವು ಈ ಹಡಗನ್ನು ಬ್ರಿಟನ್ನಿನಿಂದ ಕೊಂಡದ್ದು 1954ರಲ್ಲಿ. ಆಗ ಮೈಸೂರು ರಾಜ್ಯಕ್ಕೆ ಗೇಣುದ್ದದ ಕಡಲ ತೀರವೂ ಇರಲಿಲ್ಲ. ಮಂಗಳೂರು ಮದರಾಸಿಗೆ ಸೇರಿತ್ತು. ಕಾರವಾರ ಮುಂಬಯಿಗೆ ಸೇರಿತ್ತು. ಹೈದರಾಲಿಯ ಕಾಲದಲ್ಲಿ ಮೈಸೂರಿನ ಬಾವುಟ ಮಂಗಳೂರಿನ ಬಂದರಿನಲ್ಲಿ ಹಾರಿದ್ದುಂಟು. ದೊಡ್ಡದೊಂದು ನೌಕಾಪಡೆಯನ್ನು ಕಟ್ಟಲು ಟಿಪ್ಪು 1796ರಲ್ಲಿ ಆಜ್ಞೆ ಹೊರಡಿಸಿದ್ದೂ ಉಂಟು. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಕರಾವಳಿಯೂ ಹೋಯಿತು, ಅದರೊಂದಿಗೆ ಆ ಕನಸೂ ಹೋಯಿತು. ಅಂದಿನಿಂದ ಒಂದೂವರೆ ಶತಮಾನ ಮೈಸೂರು ನಾಲ್ಕು ದಿಕ್ಕಿಗೂ ನೆಲವೇ ಬೇಲಿಯಾದ ನಾಡಾಗಿ ಬಾಳಿತು. ಅಂಥ ನಾಡಿನ ಹೆಸರನ್ನು ಹೊರುವ ಹಣೆಬರಹ ಈ ಉಕ್ಕಿನ ಹಡಗಿಗೆ ಒದಗಿತು.

ಹಡಗಿನ ಹುಟ್ಟುಹೆಸರು ಬೇರೆ. ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ, ನ್ಯೂಕಾಸಲ್ಲಿಗೆ ಸೇರಿದ ವಾಕರ್ ಎಂಬಲ್ಲಿ, ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಂಪನಿಯ ಕಾರ್ಖಾನೆಯಲ್ಲಿ ಅದನ್ನು ಕಟ್ಟಿದರು. 1939ರ ಜುಲೈ 18ರಂದು ಅದು ನೀರಿಗಿಳಿಯಿತು. ಮಹಾಯುದ್ಧ ಆರಂಭವಾಗಲು ಆಗ ಎರಡು ತಿಂಗಳು ಕೂಡ ಉಳಿದಿರಲಿಲ್ಲ. ಆ ವರ್ಗದ ಹಡಗುಗಳಿಗೆಲ್ಲ ಬ್ರಿಟಿಷರು ತಮ್ಮ ವಸಾಹತುಗಳ ಹೆಸರಿಡುತ್ತಿದ್ದರು. ಫಿಜಿ, ಕೀನ್ಯಾ, ಜಮೈಕಾ, ಉಗಾಂಡ, ಸಿಲೋನ್ ಮೊದಲಾದವು ಇದರ ಸೋದರ ನೌಕೆಗಳು. ಇದಕ್ಕೆ ಬಂದ ಹೆಸರು ‘ನೈಜೀರಿಯಾ’. ಆಳಿಸಿಕೊಳ್ಳುತ್ತಿದ್ದವರ ಹೆಸರಿನಲ್ಲಿ ಆಳುವವರ ಹಡಗು!

1940ರ ಸೆಪ್ಟೆಂಬರಿನಲ್ಲಿ ಸೇವೆಗೆ ಸೇರಿದ ನೈಜೀರಿಯಾ ಮೊದಲು ಕಂಡದ್ದು ಉತ್ತರ ಧ್ರುವದ ಸಮೀಪದ ಹಿಮಸಾಗರವನ್ನು. 1941ರ ಜೂನ್ 28ರಂದು ಯಾನ್ ಮಾಯೆನ್ ದ್ವೀಪದ ಬಳಿ ಅದೂ ಅದರ ಜೊತೆಯ ಡೆಸ್ಟ್ರಾಯರುಗಳೂ ಲಾವೆನ್‌ಬುರ್ಗ್ ಎಂಬ ಜರ್ಮನ್ ಹಡಗನ್ನು ಹಿಡಿದವು. ನೋಟಕ್ಕೆ ಅದು ಹವಾಮಾನದ ವರದಿ ಕಳಿಸುವ ಬಡಪಾಯಿ ಹಡಗು. ಒಳಗಿದ್ದದ್ದು ಜರ್ಮನ್ ನೌಕಾಪಡೆಯ ಗುಪ್ತಲಿಪಿಯ ಕಾಗದಪತ್ರಗಳು. ಶತ್ರುವಿನ ರಹಸ್ಯ ಸಂದೇಶಗಳನ್ನು ಬಿಡಿಸಿ ಓದುತ್ತಿದ್ದ ಬ್ರಿಟಿಷ್ ಪಂಡಿತರಿಗೆ ಇದು ಅನಾಯಾಸವಾಗಿ ದೊರೆತ ನಿಧಿ. ಒಂದೇ ಒಂದು ದೊಡ್ಡ ಕಾಳಗಕ್ಕಿಂತ ಇಂಥ ಒಂದು ಕಾಗದದ ಕಟ್ಟು ಹೆಚ್ಚು ಪ್ರಾಣಗಳನ್ನು ಉಳಿಸೀತು. ಅದೇ ಸೆಪ್ಟೆಂಬರಿನಲ್ಲಿ ನಾರ್ವೆಯ ಉತ್ತರಕ್ಕೆ ಬ್ರೆಮ್ಸೆ ಎಂಬ ಜರ್ಮನ್ ನೌಕೆಯನ್ನು ಮುಳುಗಿಸುವ ಗಲಭೆಯಲ್ಲಿ ನೈಜೀರಿಯಾದ ಮೂತಿ ಜಖಂಗೊಂಡಿತು.

ನಿಜವಾದ ಅಗ್ನಿಪರೀಕ್ಷೆ ಬಂದದ್ದು ಮರುವರ್ಷ. ಮೆಡಿಟರೇನಿಯನ್ ಸಮುದ್ರದ ನಡುವಿನ ಮಾಲ್ಟಾ ದ್ವೀಪವನ್ನು ಶತ್ರು ಮುತ್ತಿದ್ದ. ಅನ್ನವಿಲ್ಲ, ಎಣ್ಣೆಯಿಲ್ಲ. ದ್ವೀಪಕ್ಕೆ ಸಾಮಗ್ರಿ ತಲುಪಿಸಲು 14 ವ್ಯಾಪಾರಿ ಹಡಗುಗಳು ಯುದ್ಧನೌಕೆಗಳ ಕಾವಲಿನಲ್ಲಿ ಹೊರಟವು. ನೈಜೀರಿಯಾ ಆ ಕಾವಲಿನ ಮುಂಚೂಣಿಯಲ್ಲಿತ್ತು. 1942ರ ಆಗಸ್ಟ್ 12ರ ಸಂಜೆ ಇಟಲಿಯ ಆಕ್ಸುಮ್ ಎಂಬ ಜಲಾಂತರ್ಗಾಮಿಯು ಒಂದೇ ಬೀಸಿನಲ್ಲಿ ಬಿಟ್ಟ ಟಾರ್ಪಿಡೋಗಳು ಮೂರು ಹಡಗುಗಳನ್ನು ತಾಗಿದವು. ಅವುಗಳಲ್ಲಿ ನೈಜೀರಿಯಾ ಒಂದು. ಹಡಗಿನಲ್ಲಿ 52 ಮಂದಿ ಮಡಿದರು. ದಳಪತಿ ಬರೋ ಬೇರೊಂದು ನೌಕೆಗೆ ದಾಟಿಕೊಂಡು ಮುನ್ನಡೆದ. ಗಾಯಗೊಂಡ ಹಡಗು ಒಂದು ಪಕ್ಕಕ್ಕೆ ವಾಲಿಕೊಂಡೇ ಜಿಬ್ರಾಲ್ಟರಿಗೆ ಮರಳಿತು. ಹದಿನಾಲ್ಕರಲ್ಲಿ ಮಾಲ್ಟಾ ಮುಟ್ಟಿದ್ದು ಐದು. ಆ ಐದರಿಂದಲೇ ದ್ವೀಪ ಉಳಿಯಿತು. ನೈಜೀರಿಯಾ ಅಮೆರಿಕದಲ್ಲಿ ದುರಸ್ತಿಯಾಗಿ, ಯುದ್ಧದ ಕೊನೆಯ ಪಾದವನ್ನು ಹಿಂದೂ ಮಹಾಸಾಗರದಲ್ಲಿ ಕಳೆಯಿತು.

ಯುದ್ಧ ಮುಗಿಯಿತು. ಸಾಮ್ರಾಜ್ಯವೂ ಮುಗಿಯುತ್ತಿತ್ತು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಮೂರು ಕಡೆ ಕಡಲಿದ್ದರೂ ಹಡಗು ಕಟ್ಟುವ ಶಕ್ತಿ ಇನ್ನೂ ಕೈಗೂಡಿರಲಿಲ್ಲ. ಹಳೆಯದನ್ನು ಕೊಂಡು ಹೊಸದಾಗಿಸಿಕೊಳ್ಳುವುದೇ ದಾರಿಯಾಯಿತು. ಬರ್ಕನ್‌ಹೆಡ್ಡಿನ ಕ್ಯಾಮೆಲ್ ಲೇರ್ಡ್ ಕಾರ್ಖಾನೆಯಲ್ಲಿ ದೀರ್ಘ ದುರಸ್ತಿಯಾದ ಮೇಲೆ 1957ರ ಆಗಸ್ಟ್ 29ರಂದು ಹಡಗಿನ ಮೇಲೆ ಭಾರತದ ಬಾವುಟ ಏರಿತು. ಹೆಸರು ಬದಲಾಯಿತು. ಆಫ್ರಿಕದ ನೈಜೀರಿಯಾ ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1960ರಲ್ಲಿ. ಅಂದರೆ ಆ ದೇಶಕ್ಕಿಂತ ಮೂರು ವರ್ಷ ಮೊದಲೇ ಅದರ ಹೆಸರಿನ ಹಡಗು ಸ್ವತಂತ್ರವಾಯಿತು ಎನ್ನಬೇಕು!

ಹೆಸರು ಬದಲಾಗುವುದು ಚಾಮರಾಜನಗರದವರಿಗೆ ಹೊಸ ಸಂಗತಿಯಲ್ಲ. ಅವರ ಊರಿನ ಹಳೆಯ ಹೆಸರು ಅರಿಕುಠಾರ. ತಮ್ಮ ತಂದೆ ಖಾಸಾ ಚಾಮರಾಜ ಒಡೆಯರು ಅಲ್ಲಿ ಹುಟ್ಟಿದರೆಂಬ ಅಭಿಮಾನದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು. ಜನನ ಮಂಟಪ ಇಂದಿಗೂ ಅಲ್ಲಿದೆ. ಅರಿಕುಠಾರವೆಂದರೆ ಹಗೆಗಳಿಗೆ ಕೊಡಲಿ. ಯುದ್ಧನೌಕೆಗೆ ಇದಕ್ಕಿಂತ ಒಪ್ಪುವ ಹೆಸರು ಹುಡುಕಿದರೂ ಸಿಕ್ಕದು; ಆದರೆ ದೆಹಲಿಯಲ್ಲಿ ಕುಳಿತವರಿಗೆ ಅದು ತಿಳಿಯುವ ಬಗೆ ಹೇಗೆ?

ದೊರೆತ ಹೆಸರೂ ಸಣ್ಣದಲ್ಲ. ಹಡಗಿನ ಲಾಂಛನಕ್ಕೆ ಗಂಡಭೇರುಂಡ ಬಂದಿತು. ಎಂದೆಂದಿಗೂ ಭಯಪಡದು ಎಂಬ ತಾತ್ಪರ್ಯದ ತೈತ್ತಿರೀಯ ಉಪನಿಷತ್ತಿನ ನುಡಿ ಅದರ ಧ್ಯೇಯವಾಕ್ಯವಾಯಿತು. ಇಷ್ಟರಲ್ಲಿ ಇನ್ನೊಂದು ಸಂಗತಿ ನಡೆದುಹೋಗಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗಿ, ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿ ಮೈಸೂರು ರಾಜ್ಯದ ಮಡಿಲಿಗೆ ಬಿದ್ದಿತ್ತು. ಹಡಗನ್ನು ಕೊಂಡಾಗ ಕಡಲಿಲ್ಲದಿದ್ದ ನಾಡಿಗೆ, ಹಡಗಿನ ಮೇಲೆ ಬಾವುಟ ಏರುವ ಹೊತ್ತಿಗೆ ಕಡಲು ಬಂದಿತ್ತು.

ಹಡಗು ಎಷ್ಟು ದೊಡ್ಡದು? ಉದ್ದ 555 ಅಡಿ. ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ಹದಿನೈದು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಸರಿಹೋದೀತು. ಪೂರ್ಣ ಭಾರದಲ್ಲಿ ಹನ್ನೊಂದು ಸಾವಿರ ಟನ್ನಿನ ಆಸುಪಾಸು. ಅಷ್ಟು ಭಾರವನ್ನು ನಾಲ್ಕು ಚಕ್ರದಂಡಗಳು 31 ನಾಟ್, ಎಂದರೆ ಗಂಟೆಗೆ ಸುಮಾರು 57 ಕಿಲೋಮೀಟರ್ ವೇಗದಲ್ಲಿ ತಳ್ಳುತ್ತಿದ್ದವು. ಬಂಡೀಪುರದ ರಸ್ತೆಯಲ್ಲಿ ಬಸ್ಸು ಕೂಡ ಅದಕ್ಕಿಂತ ಹೆಚ್ಚು ಅವಸರ ಮಾಡುವುದಿಲ್ಲ. ಹುಟ್ಟಿನಲ್ಲಿ ಇದ್ದ ನಾಲ್ಕು ತೋಪುಗೋಪುರಗಳಲ್ಲಿ ಭಾರತದ ಸೇವೆಯ ಕಾಲಕ್ಕೆ ಮೂರು ಉಳಿದಿದ್ದವು. ಒಂದೊಂದರಲ್ಲಿ ಮೂರರಂತೆ ಒಟ್ಟು ಒಂಬತ್ತು ಆರಂಗುಲದ ತೋಪುಗಳು. ಒಂದೊಂದು ಗುಂಡಿನ ತೂಕ ಅರ್ಧ ಕ್ವಿಂಟಾಲ್, ಒಂದು ಮೂಟೆ ಅರಿಸಿನದಷ್ಟು. ಗುಂಡ್ಲುಪೇಟೆಯಲ್ಲಿ ನಿಂತು ಹಾರಿಸಿದ್ದರೆ ಅದು ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಸಲೀಸಾಗಿ ಮುಟ್ಟುತ್ತಿತ್ತು. ಹಡಗಿನಲ್ಲಿ ಎಂಟುನೂರರಷ್ಟು ಜನ. ಒಂದು ಹಳ್ಳಿಯೇ ತೇಲುತ್ತಿತ್ತು. ನಾವಿಕರೆಲ್ಲ ಕರಾವಳಿಯವರೇ ಆಗಿರಬೇಕೆಂದು ಭಾವಿಸುವವರುಂಟು. ಹಾಗೇನಿಲ್ಲ. ಪಂಜಾಬಿನ ಗೋಧಿಹೊಲದಿಂದ, ರಾಜಸ್ಥಾನದ ಮರಳಿನಿಂದ, ಬಯಲುಸೀಮೆಯ ಕೆರೆಯಲ್ಲಿ ಈಜು ಕಲಿತ ಮನೆಗಳಿಂದ ಹುಡುಗರು ಬಂದು ಸೇರುತ್ತಾರೆ.

ಯಾವ ಹಡಗಿನ ಚರಿತ್ರೆಯೂ ಬರಿಯ ಕೀರ್ತಿಯ ಚರಿತ್ರೆಯಲ್ಲ. 1959ರ ಆಗಸ್ಟ್ ತಿಂಗಳಲ್ಲಿ ಸಿಂಹಳದ ಸಮೀಪ ಹಲವು ದೇಶಗಳ ನೌಕೆಗಳು ರಾತ್ರಿಯ ಅಭ್ಯಾಸದಲ್ಲಿ ತೊಡಗಿದ್ದಾಗ ಮೈಸೂರು ಹಡಗಿಗೂ ಬ್ರಿಟನ್ನಿನ ‘ಹೋಗ್’ ಎಂಬ ಡೆಸ್ಟ್ರಾಯರಿಗೂ ಡಿಕ್ಕಿಯಾಯಿತು. ಹೋಗಿನ ಮೂತಿ ಅಪ್ಪಚ್ಚಿಯಾಯಿತು. ಅದರ ನಾವಿಕನೊಬ್ಬ ಸತ್ತ. ಆ ಹಡಗು ಮತ್ತೆ ಕಡಲಿಗೆ ಹೊರಡಲೇ ಇಲ್ಲ. 1962ರಲ್ಲಿ ಸಿಂಗಪುರದಲ್ಲಿ ಅದನ್ನು ಒಡೆದು ಹಾಕಿದರು.

ಮೈಸೂರು ಹಡಗು ತನ್ನ ಹೆಸರಿನ ಋಣವನ್ನು ತೀರಿಸಿದ ಗಳಿಗೆ 1961ರ ಡಿಸೆಂಬರಿನಲ್ಲಿ ಬಂದಿತು. ಕಾರವಾರದ ಎದುರಿಗೆ, ದಡದಿಂದ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಸುಮಾರು ಒಂದು ಮೈಲಿ ಉದ್ದದ ಅಂಜದೀವ್ ದ್ವೀಪವಿದೆ. ವಾಸ್ಕೋ ಡ ಗಾಮಾ 1498ರಲ್ಲಿ ಅಲ್ಲಿ ಲಂಗರು ಹಾಕಿದ್ದ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. 1660ರ ದಶಕದಲ್ಲಿ ಮುಂಬಯಿಯನ್ನು ವಶಪಡಿಸಿಕೊಳ್ಳಲು ಬಂದ ಇಂಗ್ಲಿಷ್ ತುಕಡಿಯೊಂದು, ಪೋರ್ಚುಗೀಸರು ಊರನ್ನು ಬಿಟ್ಟುಕೊಡದೆ ಸತಾಯಿಸಿದ್ದರಿಂದ, ಈ ದ್ವೀಪದಲ್ಲಿ ಕಾದು ಕುಳಿತು ರೋಗರುಜಿನಗಳಿಗೆ ತುತ್ತಾಯಿತು. ನಾಯಕನೂ ಸೇರಿ ಬಹುಪಾಲು ಮಂದಿ ಅಲ್ಲಿಯೇ ಮಣ್ಣಾದರು. ಹೀಗೆ ಚೆಲುವಾದರೂ ಕೇಡಿನ ಹೆಸರಿನ ನೆಲವದು. ಭಾರತ ಸ್ವತಂತ್ರವಾಗಿ ಹದಿನಾಲ್ಕು ವರ್ಷ ಕಳೆದರೂ ಗೋವೆಯಂತೆ ಅದೂ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿನ ಕಾವಲಿನವರು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಮೀನುಗಾರರ ದೋಣಿಗಳನ್ನೂ ಬಿಡಲಿಲ್ಲ. ಮೈಸೂರು ರಾಜ್ಯದ ಹೊಸ ಕರಾವಳಿಯ ಹೊಸ್ತಿಲಿನಲ್ಲಿಯೇ ಪರರ ಬಂದೂಕು ಕುಳಿತಿತ್ತು.

ದ್ವೀಪವನ್ನು ಹಿಡಿಯುವ ಕೆಲಸ ಮೈಸೂರು, ತ್ರಿಶೂಲ್ ಎಂಬ ಎರಡು ನೌಕೆಗಳಿಗೆ ಬಿದ್ದಿತು. ಕಡಲಿನಿಂದ ನೆಲಕ್ಕೆ ಸೈನಿಕರನ್ನು ಇಳಿಸುವುದು ಯುದ್ಧದ ಅತಿ ಕಠಿಣ ವಿದ್ಯೆಗಳಲ್ಲಿ ಒಂದು. ಅದಕ್ಕಾಗಿಯೇ ಅಮೆರಿಕನ್ನರು ಎರಡನೆಯ ಮಹಾಯುದ್ಧದ ಹೊತ್ತಿಗೆ ಒಂದು ಹೊಸ ಜಾತಿಯ ಹಡಗನ್ನು ಮಾಡಿಕೊಂಡಿದ್ದರು. ಮೊದಲನೆಯ ಮಹಾಯುದ್ಧದ ಕಾಲದ ಹಳೆಯ ಡೆಸ್ಟ್ರಾಯರುಗಳಿಂದ ಅರ್ಧದಷ್ಟು ಬಾಯ್ಲರುಗಳನ್ನೂ ಅವುಗಳ ಹೊಗೆಕೊಳವೆಗಳನ್ನೂ ಕಿತ್ತು, ಆ ಜಾಗದಲ್ಲಿ ಸೈನಿಕರಿಗೆ ಇಂಬು ಮಾಡಿದರು. ಪಕ್ಕಗಳಲ್ಲಿ ನಾಲ್ಕು ದೋಣಿಗಳನ್ನು ತೂಗುಹಾಕಿದರು. ವೇಗ ಕೊಂಚ ತಗ್ಗಿದರೂ ಮಾಮೂಲಿ ಸಾಗಣೆ ಹಡಗನ್ನು ಹಿಂದೆ ಹಾಕುವಷ್ಟು ಉಳಿದಿತ್ತು. ಕತ್ತಲಲ್ಲಿ ಓಡಿಬರುವುದು, ಸೈನಿಕರನ್ನು ಇಳಿಸುವುದು, ಬೆಳಗಾಗುವುದರೊಳಗೆ ಮರೆಯಾಗುವುದು, ಇದೇ ಆ ಅತಿವೇಗದ ಸಾಗಣೆ ನೌಕೆಗಳ ಕಸುಬು. ‘ಮ್ಯಾನ್ಲಿ’ ಎಂಬುದು ಅವುಗಳಲ್ಲಿ ಮೊದಲನೆಯದು. ವೇಗಕ್ಕಾಗಿ ತೆತ್ತ ಬೆಲೆಯೂ ಇತ್ತು: ತೋಪುಗಳು ಕಡಿಮೆ, ಹೊದಿಕೆ ತೆಳು. 1942ರ ಆಗಸ್ಟ್ 30ರಂದು ಗ್ವಾಡಲ್‌ಕೆನಾಲ್ ದ್ವೀಪದ ಬಳಿ ‘ಕೊಲ್ಹೂನ್’ ಜಪಾನೀ ವಿಮಾನಗಳ ಬಾಂಬಿಗೆ ಬಲಿಯಾಯಿತು. ವಾರ ತುಂಬುವುದರೊಳಗೆ ‘ಲಿಟ್ಲ್’, ‘ಗ್ರೆಗರಿ’ಗಳು ರಾತ್ರಿಯ ತೋಪಿನ ಕಾಳಗದಲ್ಲಿ ಮುಳುಗಿದವು.

ಭಾರತದ ನೌಕಾಪಡೆಯಲ್ಲಿ ಅಂಥ ಹಡಗೂ ಇರಲಿಲ್ಲ, ಅಂಥ ಕೆಲಸಕ್ಕೆಂದೇ ಪಳಗಿದ ಸೈನಿಕರೂ ಇರಲಿಲ್ಲ. ಇದ್ದವರು ನಾವಿಕರು. ಯಂತ್ರ ನಡೆಸುವ, ಹಗ್ಗ ಎಳೆಯುವ, ತೋಪು ತುಂಬುವ ಕೈಗಳಿಗೆ ಬಂದೂಕು ಕೊಟ್ಟು ದೋಣಿಗೆ ಹತ್ತಿಸಬೇಕಾಯಿತು. ಇಳಿಯುವ ದಳದ ನಾಯಕ ಲೆಫ್ಟಿನೆಂಟ್ ಅರುಣ್ ಆಡಿಟ್ಟೊ. ಡಿಸೆಂಬರ್ 18ರಂದು ಮೊದಲ ದೋಣಿಗಳು ಮರಳನ್ನು ಮುಟ್ಟಿದವು. ದ್ವೀಪದ ಮೇಲೆ ಬಿಳಿಯ ಬಾವುಟ ಕಂಡಿತ್ತೆಂದು ನಮ್ಮ ನೌಕಾಪಡೆಯ ವೃತ್ತಾಂತ ಹೇಳುತ್ತದೆ. ಹಿಂದಿನ ದೋಣಿಗಳು ದಡವನ್ನು ಸಮೀಪಿಸುತ್ತಿದ್ದಂತೆ ಪೊದೆಗಳಿಂದ ಗುಂಡಿನ ಮಳೆ ಕರೆಯಿತು. ಬಯಲು ನೀರಿನ ಮೇಲೆ ಮರೆಯೆಲ್ಲಿ? ನೌಕೆಗಳ ತೋಪುಗಳು ಆರ್ಭಟಿಸಿದವು. ಮರುದಿನ ಮಧ್ಯಾಹ್ನದ ಹೊತ್ತಿಗೆ ದ್ವೀಪ ಶರಣಾಯಿತು. ಅಷ್ಟರಲ್ಲಿ ಏಳು ಮಂದಿ ನಾವಿಕರು ತೀರಿಕೊಂಡಿದ್ದರು. ಗಾಯಗೊಂಡವರು ಅದರ ಎರಡರಷ್ಟಕ್ಕೂ ಹೆಚ್ಚು. ಗೋವೆಯ ವಿಮೋಚನೆಯನ್ನು ಮುಳ್ಳೂ ಚುಚ್ಚದ ಸುಲಭ ಕಾರ್ಯವೆಂದು ಬಣ್ಣಿಸುವವರು ಅಂಜದೀವಿನ ಈ ಏಳು ಮಂದಿಯನ್ನು ಲೆಕ್ಕಕ್ಕೆ ಹಿಡಿದಂತೆ ತೋರುವುದಿಲ್ಲ. ಅಂದು ಕಾರವಾರದ ದಡದಲ್ಲಿ ನಿಂತವರಿಗೆ ಕೇಳಿಸಿದ್ದು ತಮ್ಮ ರಾಜ್ಯದ ಹೆಸರನ್ನೇ ಹೊತ್ತ ಹಡಗಿನ ತೋಪಿನ ಸದ್ದು.

1965ರ ಯುದ್ಧದಲ್ಲಿ ನೌಕಾಪಡೆಗೆ ಹೆಚ್ಚಿನ ಅವಕಾಶ ದೊರೆಯಲಿಲ್ಲ. ಆ ಬೇಸರ ನಾವಿಕರ ಎದೆಯಲ್ಲಿ ಬಹುಕಾಲ ಉಳಿದಿತ್ತು. ಅದು ಕಳೆದದ್ದು 1971ರಲ್ಲಿ. ಆಗ ಪಶ್ಚಿಮ ನೌಕಾಬಲದ ಧ್ವಜನೌಕೆ ಮೈಸೂರು. ದಳಪತಿ ರಿಯರ್ ಅಡ್ಮಿರಲ್ ಕುರುವಿಲ್ಲಾ ಅದರಲ್ಲಿಯೇ ಇದ್ದು ಬಲವನ್ನು ನಡೆಸಿದರು. ಹಡಗಿನ ಕಪ್ತಾನರು ಆರ್. ಕೆ. ಎಸ್. ಗಾಂಧಿ. ಡಿಸೆಂಬರ್ 4ರ ರಾತ್ರಿ ಕ್ಷಿಪಣಿಗಳನ್ನು ಹೊತ್ತ ಸಣ್ಣ ದೋಣಿಗಳು ಕರಾಚಿಯ ಬಾಗಿಲಿಗೆ ನುಗ್ಗಿ ಹೊಡೆದವು. 8ರ ರಾತ್ರಿ ಇನ್ನೊಮ್ಮೆ ಹೊಡೆದವು. ಜಗತ್ತು ಆ ದೋಣಿಗಳನ್ನು ಕೊಂಡಾಡಿತು, ಅದು ಸರಿಯೇ. ಆದರೆ ಮುವ್ವತ್ತರ ದಶಕದಲ್ಲಿ ರೂಪ ತಳೆದ ಈ ಮುದಿ ಹಡಗು, ದೊಡ್ಡ ತೋಪುಗಳ ಯುಗ ತನ್ನ ಕಣ್ಣೆದುರೇ ಮುಗಿಯುತ್ತಿದ್ದುದನ್ನು ನೋಡುತ್ತ ಅರಬ್ಬೀ ಸಮುದ್ರದಲ್ಲಿ ಬಲವನ್ನು ಹಿಡಿದು ನಿಂತಿತ್ತು. ಡಿಸೆಂಬರ್ 9ರಂದು ಜೊತೆಯ ‘ಖುಕ್ರಿ’ ಶತ್ರುವಿನ ಟಾರ್ಪಿಡೋಗೆ ತುತ್ತಾಗಿ, ಕಪ್ತಾನ ಮಹೇಂದ್ರನಾಥ ಮುಲ್ಲಾ ತಮ್ಮ ಹಡಗಿನೊಂದಿಗೇ ಮುಳುಗಿದರು. ಗೆಲುವಿನ ಆ ವಾರದಲ್ಲಿ ಆ ದುಃಖವೂ ಇತ್ತು.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ರಾಜ್ಯ ಬಿಟ್ಟ ಹೆಸರನ್ನು ಹಡಗು ಬಿಡಲಿಲ್ಲ. ಮುಪ್ಪಿನಲ್ಲಿ ಅದು ಮೇಷ್ಟರಾಯಿತು. ಎಳೆಯ ಅಭ್ಯರ್ಥಿಗಳಿಗೆ ಕಡಲಿನ ಮೊದಲ ಪಾಠ ಹೇಳುವ ತರಬೇತಿ ನೌಕೆಯಾಗಿ ಕೊನೆಯ ವರ್ಷಗಳನ್ನು ಕಳೆಯಿತು. ಹೊಟ್ಟೆ ತೊಳಸಿ ಕಟಕಟೆಗೆ ಆತುಕೊಂಡ ಎಷ್ಟು ಹುಡುಗರನ್ನು ಅದು ನಾವಿಕರನ್ನಾಗಿ ಮಾಡಿತೋ! 1985ರ ಆಗಸ್ಟ್ 20ರಂದು ಬಾವುಟ ಇಳಿಯಿತು. ಭಾರತದ ಸೇವೆಗೆ ಇಪ್ಪತ್ತೆಂಟು ವರ್ಷ ತುಂಬಲು ಒಂಬತ್ತು ದಿನ ಉಳಿದಿದ್ದವು. ಮುಂದೆ ಹಳೆಯ ಹಡಗುಗಳಿಗೆಲ್ಲ ಆಗುವುದೇ ಅದಕ್ಕೂ ಆಯಿತು. ಒಡೆದು ಉಕ್ಕನ್ನು ಮಾರಿದರು.

ಹೆಸರು ಮಾತ್ರ ಒಡೆಯಲಿಲ್ಲ. ಮುಂಬಯಿಯ ಮಝಗಾಂವ್ ಕಟ್ಟೆಯಲ್ಲಿ, ನಮ್ಮವರ ಕೈಯಿಂದಲೇ, ಇನ್ನೊಂದು ಮೈಸೂರು ಹುಟ್ಟಿತು. 1993ರ ಜೂನಿನಲ್ಲಿ ನೀರಿಗಿಳಿದ ಈ ಡೆಸ್ಟ್ರಾಯರು 1999ರ ಜೂನ್ 2ರಂದು ಸೇವೆಗೆ ಸೇರಿತು. ಅದೇ ಗಂಡಭೇರುಂಡ, ಅದೇ ಉಪನಿಷತ್ತಿನ ಮಾತು. ಮೈಮೇಲಿನ ಸಂಖ್ಯೆಯೂ ಅದೇ 60. ಹಿಂದೆ ನೈಜೀರಿಯಾ ಎನಿಸಿಕೊಂಡಿದ್ದಾಗಲೂ ಹಳೆಯ ಹಡಗಿನ ಸಂಖ್ಯೆ 60 ಆಗಿತ್ತೆಂಬುದು ಕುತೂಹಲದ ಸಂಗತಿ. 2008ರ ಡಿಸೆಂಬರ್ 13ರಂದು ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯದ ವ್ಯಾಪಾರಿ ಹಡಗೊಂದನ್ನು ಕಡಲುಗಳ್ಳರು ಅಟ್ಟಿಸಿಕೊಂಡು ಬಂದಾಗ ಆ ಮೊರೆ ಕೇಳಿ ಓಡಿದ್ದು ಈ ಹೊಸ ಮೈಸೂರೇ. 23 ಮಂದಿ ಕಳ್ಳರು ಸೆರೆಯಾದರು. 2011ರಲ್ಲಿ ಲಿಬಿಯಾದ ಅಂತಃಕಲಹದಲ್ಲಿ ಸಿಲುಕಿದ ಭಾರತೀಯರನ್ನು ಕರೆತರಲು ಹೊರಟ ನೌಕೆಗಳಲ್ಲಿಯೂ ಅದು ಒಂದು. 2014ರಲ್ಲಿ ನಗರದ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹಡಗು ಇಂಗ್ಲಿಷಿನಲ್ಲಿ ಹಳೆಯ ಕಾಗುಣಿತವನ್ನೇ ಉಳಿಸಿಕೊಂಡಿದೆ. ಕನ್ನಡದಲ್ಲಿ ಈ ತೊಡಕೇ ಇಲ್ಲ. ನಗರ, ಹಡಗು ಎರಡೂ ಎಂದಿನಿಂದಲೂ ಮೈಸೂರು.

ಅಂಜದೀವ್ ಈಗ ಹಿಂದಿನಂತೆ ಒಂಟಿ ದ್ವೀಪವಲ್ಲ. 2005ರಲ್ಲಿ ಆರಂಭವಾದ ಕಾರವಾರದ ‘ಕದಂಬ’ ನೌಕಾನೆಲೆಯ ಅಂಗವಾಗಿ, ಬಂಡೆ ಸುರಿದು ಕಟ್ಟಿದ ಅಲೆತಡೆಗೋಡೆ ಅದನ್ನು ನೆಲಕ್ಕೆ ಬೆಸೆದಿದೆ. ಏಳು ಮಂದಿ ಬಿದ್ದ ಮರಳಿನ ಹಿಂದೆ ಇಂದು ದೇಶದ ದೊಡ್ಡ ನೌಕೆಗಳು ತಂಗುತ್ತವೆ.

ಇತ್ತ ಚಾಮರಾಜನಗರ, ಗುಂಡ್ಲುಪೇಟೆಗಳು 1997ರಲ್ಲಿ ಮೈಸೂರು ಜಿಲ್ಲೆಯಿಂದಲೂ ಬೇರೆಯಾಗಿ ತಮ್ಮದೇ ಜಿಲ್ಲೆಯನ್ನು ಪಡೆದಿವೆ. ಬಂಡೀಪುರದ ಕಾಡಿನ ರಸ್ತೆಗಳನ್ನು ರಾತ್ರಿ ಒಂಬತ್ತಕ್ಕೆ ಮುಚ್ಚುವ ಕಟ್ಟಳೆ 2009ರಲ್ಲಿ ಬಂದಮೇಲೆ, ಕಲ್ಲಿಕೋಟೆಯ ಕಡೆಗೆ ಹೋಗುವ ಬಸ್ಸುಗಳು ಸಂಜೆಯ ಹೊತ್ತು ಗುಂಡ್ಲುಪೇಟೆಯಲ್ಲಿ ಕೊಂಚ ಆತುರಪಡುತ್ತವೆ. ಕಂಡಕ್ಟರು ಶಿಳ್ಳೆ ಊದುತ್ತಾನೆ, ಕಿಟಕಿಯ ಪಕ್ಕದ ಮಗು ಕಡಲು ಎಷ್ಟು ದೂರವೆಂದು ತಾಯಿಯನ್ನು ಕೇಳುತ್ತದೆ, ಮತ್ತು ಎರಡು ತಲೆಯ ಹಕ್ಕಿ ಕೆಂಪು ಬಸ್ಸಿನೊಂದಿಗೆ ಘಟ್ಟದ ದಿಕ್ಕಿಗೆ ತಿರುಗಿಕೊಳ್ಳುತ್ತದೆ.